ಮಾತ್ರೆ ಬಿಟ್ಟ ಚಳಿಗಾಲ

ಎದೆಬಡಿತಕ್ಕೆಂದು ನಾನು ನುಂಗುತ್ತಿದ್ದದ್ದು ಬೇಳೆಯಷ್ಟು ಪುಟ್ಟ ಬಿಳಿ ಮಾತ್ರೆ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು. ಹಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಹಡಿ ಹತ್ತುವಾಗ ಎದೆ ಇದ್ದಕ್ಕಿದ್ದಂತೆ ಓಟ ಕಿತ್ತು, ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದೆ. ಆಗ ಬಸವನಗುಡಿಯ ಡಾಕ್ಟರಮ್ಮ ಅದನ್ನು ಬರೆದುಕೊಟ್ಟಿದ್ದರು. ಮಾತ್ರೆ ತನ್ನ ಕೆಲಸ ಮಾಡಿತ್ತು, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬರಬರುತ್ತಾ ಅದು ನನ್ನನ್ನೇ ನಿಧಾನ ಮಾಡಿತು. ಸೆಕೆಗಾಲದಲ್ಲೂ ಬೆರಳು ತಣ್ಣಗೆ. ಮಧ್ಯಾಹ್ನದ ಹೊತ್ತಿಗೆ ಕಾಲು ಭಾರ. ಹತ್ತನೇ ತರಗತಿಗೆ ಹಳಗನ್ನಡ ಪಾಠ ಮಾಡುತ್ತಾ ನಾನೇ ಆಕಳಿಸುತ್ತಿದ್ದೆ. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಆ ದೀಪಾವಳಿ ರಜೆಯಲ್ಲಿ ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದೆ. ಅಂಥ ದೊಡ್ಡ ನಿರ್ಧಾರವೇನಲ್ಲ. ಒಂದು ಬೆಳಿಗ್ಗೆ ಒಬ್ಬಟ್ಟಿನ ಗಡಿಬಿಡಿಯಲ್ಲಿ ಮರೆತುಹೋಯಿತು. ಸಂಜೆ ನೋಡಿದರೆ ಮೈ ಹಗುರ, ಅಂಗೈ ಬೆಚ್ಚಗೆ. ಮಾರನೇ ದಿನ ಬೇಕೆಂದೇ ಬಿಟ್ಟೆ. ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದೆ. "ಏನಿದು, ಹಬ್ಬ ಮುಗಿದ್ಮೇಲೆ ಹಬ್ಬದ ಕೆಲಸ?" ಎಂದು ನನ್ನ ಯಜಮಾನರು ಕೇಳಿದರು. ನಾನು ನಕ್ಕೆ. ಎಷ್ಟೋ ವರ್ಷಗಳ ಮೇಲೆ ನನ್ನ ಮೈ ನನಗೆ ವಾಪಸ್ಸು ಸಿಕ್ಕಿದಂತಿತ್ತು.

ಆ ಸಂತೋಷ ಹೆಚ್ಚು ಉಳಿಯಲಿಲ್ಲ. ಒಂದೆರಡು ದಿನಕ್ಕೆ ಶುರುವಾಯಿತು. ಮೊದಲು ತಲೆ ಬಿಗಿದುಕೊಂಡಂತೆ ನೋವು. ಆಮೇಲೆ ಕೈಯಲ್ಲಿ ಸಣ್ಣ ನಡುಕ. ಯಜಮಾನರು ಬ್ಯಾಂಕಿಗೆ ಹೊರಟ ಮೇಲೆ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹೊರಟೆ. ಅರ್ಧ ಮೆಟ್ಟಿಲು ಹತ್ತಿದ್ದೆನೋ ಇಲ್ಲವೋ, ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕತ್ತಿನಲ್ಲಿ, ಕಿವಿಯಲ್ಲಿ, ಹಲ್ಲಿನ ಬುಡದಲ್ಲಿ ಅದೇ ಬಡಿತ. ಬೆವರು ಕಿತ್ತುಕೊಂಡು ಬಂತು. ಬಕೆಟ್ಟನ್ನು ಪಕ್ಕಕ್ಕಿಟ್ಟು ಗೋಡೆಗೆ ಒರಗಿ ಕೂತೆ. ಇದೇ ಕೊನೆ ಇರಬೇಕು ಅನ್ನಿಸಿತು. ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನಲ್ಲ ಅಂತಲೂ ಅನ್ನಿಸಿತು.

ಚಾಮರಾಜಪೇಟೆಯ ನಮ್ಮ ಮನೆಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಕೆಳಗೆ ನಾವು, ಮೇಲೆ ನನ್ನ ವಾರಗಿತ್ತಿ, ಅಂದರೆ ಯಜಮಾನರ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಮನೆ ಎರಡು ಭಾಗವಾದಾಗ ಮೆಟ್ಟಿಲ ಕೆಳಗಿನ ಜಾಗ ಯಾರಿಗೆ ಅನ್ನುವ ಮಾತು ಬಂದು, ಗಂಡಸರು ಮರೆತರೂ ಹೆಂಗಸರಾದ ನಮ್ಮಿಬ್ಬರ ನಡುವೆ ಅದು ಉಳಿದುಬಿಟ್ಟಿತ್ತು. ಭಾವ ತೀರಿಕೊಂಡ ಮೇಲೆ ಅಕ್ಕ ಇನ್ನೂ ಮೌನವಾದರು. ನೀರಿನ ಮೋಟಾರು ಹಾಕಿದ್ದೀರಾ, ಸಿಲಿಂಡರ್ ಬಂತಾ, ಇಷ್ಟೇ ಮಾತು. ಜಗಳವಿರಲಿಲ್ಲ. ಒಂದೇ ಗೇಟಿನಲ್ಲಿ ಓಡಾಡುವ ಇಬ್ಬರು ಬಾಡಿಗೆದಾರರ ಹಾಗೆ ಇದ್ದೆವು.

ಬಕೆಟ್ಟು ಗೋಡೆಗೆ ತಗುಲಿದ ಸದ್ದಿಗೋ ಏನೋ, ಮೇಲಿನ ಬಾಗಿಲು ತೆರೆಯಿತು. ಅಕ್ಕ ಇಳಿದು ಬಂದು ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ನನ್ನ ಕೈ ಹಿಡಿದು ನೋಡಿದರು.

"ಎದೆ ನೋವಾಗ್ತಿದ್ಯಾ?"

"ನೋವಿಲ್ಲ ಅಕ್ಕ. ಹೊಡ್ಕೊಳ್ತಿದೆ. ನಿಲ್ತಾನೇ ಇಲ್ಲ."

"ಮಾತ್ರೆ ತಗೊಂಡ್ಯಾ?"

ನಾನು ಬಕೆಟ್ಟಿನ ಕಡೆ ನೋಡಿದೆ. ಅವರಿಗೆ ಅಷ್ಟು ಸಾಕಾಯಿತು. "ಎಷ್ಟು ದಿನ ಆಯ್ತು ಬಿಟ್ಟು?" ಎಂದರು. ಹೇಳಿದೆ. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಕೆಳಗೆ ಹೋಗಿ ಒಲೆ ಆರಿಸಿ ಬಂದು, ಬೀದಿಯಲ್ಲಿ ಹೋಗುತ್ತಿದ್ದ ಆಟೋ ನಿಲ್ಲಿಸಿದರು. ಮನೆಯಲ್ಲಿ ಉಡುವ ಸೀರೆಯಲ್ಲೇ ನನ್ನ ಜೊತೆ ಹತ್ತಿ ಕೂತರು.

ಡಾಕ್ಟರಮ್ಮ ಇಸಿಜಿ ಮಾಡಿಸಿದರು. ಬಿಪಿ ನೋಡಿ ಹುಬ್ಬೇರಿಸಿದರು. ಆಮೇಲೆ ಕುರ್ಚಿ ಹತ್ತಿರಕ್ಕೆಳೆದುಕೊಂಡು, "ಮಾತ್ರೆ ಬೇಡ ಅನ್ಸಿದ್ರೆ ಬಂದು ಹೇಳಬೇಕಿತ್ತು. ನಿಮ್ಮ ನಾಡಿ ಈಚೆಗೆ ನಿಧಾನ ಇತ್ತು, ನಾನೇ ನಿಲ್ಸೋ ಯೋಚನೆಯಲ್ಲಿದ್ದೆ. ಆದ್ರೆ ಹೀಗೆ ಒಂದೇ ಏಟಿಗೆ ಬಿಡೋ ಮಾತ್ರೆ ಅಲ್ಲ ಇದು. ಇಷ್ಟು ವರ್ಷ ಎದೆ ಬಡಿತಾನ ತಡೆದು ಹಿಡಿದಿತ್ತು. ತಡೆ ತೆಗೆದ ತಕ್ಷಣ ದೇಹ ಎಲ್ಲಾನೂ ಜೋರು ಮಾಡುತ್ತೆ. ಕೆಲವರಿಗೆ ಅಪಾಯಾನೂ ಆಗುತ್ತೆ," ಎಂದರು. ಮತ್ತೆ ಮಾತ್ರೆ ಶುರು ಮಾಡಿಸಿದರು. ಎಲ್ಲ ಒಂದು ಹದಕ್ಕೆ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡೋಣ, ಆಗಲೂ ಒಂದಿಷ್ಟು ನಡುಕ, ಬಡಿತ ಇರಬಹುದು ಎಂದರು. ಎದೆನೋವು, ಉಸಿರುಕಟ್ಟುವುದು, ಕಣ್ಣು ಕತ್ತಲೆ ಬರುವುದು, ಇವುಗಳಲ್ಲಿ ಯಾವುದಾದರೂ ಬಂದರೆ ಯೋಚಿಸದೆ ಆಸ್ಪತ್ರೆಗೆ ಓಡಬೇಕು, ಬರೀ ಬಡಿತವಾದರೆ ಕೂತು ಕಾಯಬೇಕು. ಅದನ್ನು ಅವರು ನನಗಿಂತ ಹೆಚ್ಚಾಗಿ ಅಕ್ಕನ ಕಡೆ ನೋಡಿ ಹೇಳಿದರು.

ಕಡಿಮೆ ಮಾಡುವುದು ಶುರುವಾಗಿದ್ದು ಚಳಿ ಬಿದ್ದ ಮೇಲೆ. ಮೊದಲು ಅರ್ಧ ಮಾತ್ರೆ. ಅದು ಹೇಗೋ ನಡೆಯಿತು. ಅರ್ಧದಿಂದ ಕಾಲು ಮಾತ್ರೆಗೆ ಇಳಿದಾಗ ನನ್ನ ಪಾಡು ಹೇಳತೀರದು. ಬೋರ್ಡಿನ ಮೇಲೆ ಬರೆದ ಸಾಲು ಅಲೆಯಲೆಯಾಗಿ ಹೋಗುತ್ತಿತ್ತು. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಬೆಚ್ಚಿ ಬೀಳುತ್ತಿದ್ದೆ. ಕಾರಣವಿಲ್ಲದೆ ಅಳು ಬರುತ್ತಿತ್ತು. ರಾತ್ರಿ ಎಡ ಮಗ್ಗುಲಿಗೆ ಮಲಗಿದರೆ ದಿಂಬಿನೊಳಗಿಂದ ನನ್ನದೇ ಎದೆ ಕೇಳಿಸುತ್ತಿತ್ತು, ಎದ್ದು ಕೂತುಬಿಡುತ್ತಿದ್ದೆ. ಕಾಫಿ ಬಿಟ್ಟಿದ್ದೆ. ಕಾಫಿ ಇಲ್ಲದ ಬೆಳಿಗ್ಗೆ ಬೆಳಗಾದ ಹಾಗೇ ಇರುತ್ತಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಅನುಮಾನ. ಇದು ಮಾತ್ರೆ ಬಿಟ್ಟಿದ್ದರಿಂದ ಬಂದದ್ದೋ, ಹಳೆಯ ಕಾಯಿಲೆಯೇ ಮತ್ತೆ ಬಂತೋ? ಹಗಲೆಲ್ಲ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡೇ ಇರುತ್ತಿದ್ದೆ. ಯಜಮಾನರು ಪಾಪ, ಒಂದು ಬಿಪಿ ಯಂತ್ರ ತಂದರು. ಅದು ಬಂದ ಮೇಲೆ ಹುಚ್ಚು ಇನ್ನೂ ಜಾಸ್ತಿಯಾಯಿತು. ಕಟ್ಟಿಕೊಳ್ಳುವುದು, ಒತ್ತುವುದು, ನೋಡಿ ಹೆದರುವುದು, ಹೆದರಿದ್ದಕ್ಕೆ ಇನ್ನೂ ಏರುವುದು. ಅವರೋ ಬ್ಯಾಂಕಿನಿಂದ ಗಳಿಗೆಗೊಂದು ಸಲ ಫೋನು ಮಾಡಿ "ಈಗ ಹೇಗಿದೆ?" ಎನ್ನುವರು. ಫೋನು ಹೊಡೆದುಕೊಂಡರೇ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. "ರೀ, ನೀವು ಕೇಳದೇ ಇದ್ರೆ ನಾನು ಚೆನ್ನಾಗೇ ಇರ್ತೀನಿ," ಎಂದು ಒಮ್ಮೆ ರೇಗಿದೆ. ಆ ಸಂಜೆ ಅವರು ಏನೂ ಕೇಳದೆ ಮಲ್ಲಿಗೆ ಹೂವು ತಂದು ಮೇಜಿನ ಮೇಲಿಟ್ಟು ಪೇಪರು ಓದುತ್ತಾ ಕೂತರು. ಪೇಪರಿನ ಅಂಚಿನಿಂದ ನನ್ನನ್ನೇ ನೋಡುತ್ತಿದ್ದರು.

ಅಕ್ಕ ಒಂದು ದಿನ ಕೆಳಗೆ ಬಂದು ಆ ಯಂತ್ರವನ್ನು ಎತ್ತಿಕೊಂಡು ಹೋದರು. "ಇದು ಇನ್ಮೇಲೆ ನನ್ನ ಹತ್ರ ಇರುತ್ತೆ. ಬೆಳಿಗ್ಗೆ ಒಂದ್ಸಲ ಬಾ, ನೋಡೋಣ. ಡಾಕ್ಟ್ರು ಅಷ್ಟೇ ಹೇಳಿರೋದು."

"ಮಧ್ಯೆ ಏನಾದ್ರೂ ಆದ್ರೆ?"

"ಮಧ್ಯೆ ಏನಾದ್ರೂ ಆದ್ರೆ ಕೂಗು. ನಾನೆಲ್ಲಿ ಹೋಗ್ತೀನಿ?"

ಹಾಗೆ ದಿನಾ ಬೆಳಿಗ್ಗೆ ಮೇಲಕ್ಕೆ ಹೋಗುವುದು ರೂಢಿಯಾಯಿತು. ಎಷ್ಟೋ ವರ್ಷಗಳಿಂದ ಆ ಹೊಸ್ತಿಲು ದಾಟಿರಲಿಲ್ಲ. ಒಳಗೆ ಎಲ್ಲ ಅಚ್ಚುಕಟ್ಟು. ಭಾವನ ಕನ್ನಡಕ ಇನ್ನೂ ಟಿವಿ ಪಕ್ಕದಲ್ಲೇ ಇತ್ತು. ಅಕ್ಕ ರಾಗಿ ಮಾಲ್ಟು ಕೊಡುತ್ತಿದ್ದರು. ತಾವೂ ಅದನ್ನೇ ಕುಡಿಯುತ್ತಿದ್ದರು, ಕಾಫಿ ಬಿಟ್ಟಿದ್ದೇನೆ ಅನ್ನುತ್ತಿದ್ದರು. ಆದರೆ ಅಡುಗೆಮನೆಯಿಡೀ ಡಿಕಾಕ್ಷನ್ ಘಮ. ನಾನು ಬರುವ ಮೊದಲೇ ಕುಡಿದು ಲೋಟ ತೊಳೆದಿಡುತ್ತಿದ್ದರು ಅಂತ ನನಗೂ ಗೊತ್ತಿತ್ತು. ನನಗೆ ಗೊತ್ತು ಅಂತ ಅವರಿಗೂ ಗೊತ್ತಿತ್ತು.

ಅವರೆಕಾಯಿ ಕಾಲ. ಒಂದು ಭಾನುವಾರ ಅಕ್ಕ ಗಾಂಧಿಬಜಾರಿನಿಂದ ಚೀಲ ತುಂಬ ಕಾಯಿ ತಂದು, ಬಿಡಿಸಿ ಕಾಳು ನೆನೆಹಾಕಿ ನನ್ನನ್ನು ಕರೆದರು. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಚಾಪೆ ಹಾಸಿ, ನಡುವೆ ಪಾತ್ರೆಯಿಟ್ಟು ಇಬ್ಬರೂ ಕೂತೆವು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಿಚಕ್ಕನೆ ಪಾತ್ರೆಗೆ ಬೀಳಬೇಕು. ನನ್ನ ಬೆರಳು ನಡುಗುತ್ತಿತ್ತಲ್ಲ, ಬೇಳೆ ಒಮ್ಮೆ ಅಕ್ಕನ ಮಡಿಲಿಗೆ, ಒಮ್ಮೆ ತುಳಸಿ ಕುಂಡಕ್ಕೆ ಹಾರುತ್ತಿತ್ತು. ಒಂದು ಬೇಳೆ ನೇರ ಅವರ ಹಣೆಗೇ ಬಡಿಯಿತು. ನಾನು ಗಾಬರಿಯಿಂದ ನೋಡಿದೆ. ಅಕ್ಕ ಹಣೆ ಒರೆಸಿಕೊಂಡು ನಗಲು ಶುರು ಮಾಡಿದರು. ನಾನೂ ನಕ್ಕೆ. ನಗುನಗುತ್ತಲೇ ಅದು ಅಳುವಾಯಿತು, ತಡೆಯಲಾಗಲಿಲ್ಲ.

"ನನ್ಗೆ ಏನಾಗ್ತಿದೆ ಅಂತಾನೇ ತಿಳೀತಿಲ್ಲ ಅಕ್ಕ. ಇದು ನಾನೇ ಅಲ್ಲ."

ಅವರು ಕೈ ನಿಲ್ಲಿಸಲಿಲ್ಲ. ಕಾಳು ಒತ್ತುತ್ತಲೇ ಹೇಳಿದರು. "ನಿಮ್ಮ ಭಾವ ಹೋದ್ಮೇಲೆ ನಂಗೆ ನಿದ್ದೆ ಮಾತ್ರೆ ಕೊಟ್ಟಿದ್ರು. ಒಂದು ವರ್ಷ ನುಂಗಿದೆ, ಅದಿಲ್ದೆ ಕಣ್ಣೇ ಮುಚ್ತಿರ್ಲಿಲ್ಲ. ಆಮೇಲೆ ಬಿಡೋಕೆ ಹೊರಟೆ. ಡಾಕ್ಟ್ರು ಹೇಳಿದ ಹಾಗೇ ಚೂರುಚೂರೇ ಬಿಟ್ಟೆ. ಆದ್ರೂ ಮೈಯೆಲ್ಲ ನಡುಕ. ಗೋಡೆ ಹತ್ತಿರಕ್ಕೆ ಬಂದ ಹಾಗಾಗೋದು. ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಅಂತ ಅಳ್ತಿದ್ದೆ."

"ಯಾವಾಗ ಇದು?"

"ಆಯ್ತು, ಮೂರ್ನಾಲ್ಕು ವರ್ಷ."

ಆಗ ನಾನು ಕೆಳಗೇ ಇದ್ದೆ. ಅವರು ಅಳುತ್ತಿದ್ದ ಕೋಣೆಯ ಕೆಳಗೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆನೋ ಏನೋ. "ಒಂದ್ಮಾತು ಹೇಳಬಾರದಿತ್ತಾ ಅಕ್ಕ?" ಎಂದೆ.

"ಹೇಳೋಕೆ ಕೆಳಗೆ ಬರಬೇಕಿತ್ತಲ್ಲ," ಎಂದರು. ಇನ್ನೊಂದು ಹಿಡಿ ಕಾಳು ತೆಗೆದುಕೊಂಡು, "ಹೋಗುತ್ತೆ ಕಣೇ. ಹೋಗ್ತಾ ಇದೆ ಅಂತ ನಮ್ಗೆ ಗೊತ್ತಾಗಲ್ಲ, ಅಷ್ಟೇ. ಒಂದಿನ ನೋಡಿದ್ರೆ ಹೋಗಿರುತ್ತೆ," ಎಂದರು. ಆ ಮಧ್ಯಾಹ್ನ ಹಿತಕಬೇಳೆ ಸಾರು ಮಾಡಿ ಮೂವರೂ ಮೇಲೇ ಊಟ ಮಾಡಿದೆವು. ಯಜಮಾನರು ಮೂರು ಸಲ ಬಡಿಸಿಕೊಂಡರು. ನನ್ನ ಎದೆ ಹೇಗಿದೆ ಅಂತ ಕೇಳುವುದನ್ನೇ ಮರೆತರು.

ಎಲ್ಲ ಅಲ್ಲಿಗೆ ಸರಿಹೋಯಿತು ಅಂತಲ್ಲ. ಮಾತ್ರೆ ದಿನ ಬಿಟ್ಟು ದಿನಕ್ಕೆ ಬಂದಾಗ ಒಂದು ಸಂಜೆ ಅಕ್ಕನ ಜೊತೆ ಗಾಂಧಿಬಜಾರಿಗೆ ಹೋಗಿದ್ದೆ. ಹೂವಿನಂಗಡಿಗಳ ಮುಂದೆ ಜನವೋ ಜನ. ಸೇವಂತಿಗೆ ಮೊಳ ಹಾಕಿಸುತ್ತಿರುವಾಗ ಬಡಿತ ಶುರುವಾಯಿತು. ಮೆಟ್ಟಿಲ ಮೇಲೆ ಬಂದಂಥದ್ದೇ. ಅಕ್ಕ ನನ್ನ ರಟ್ಟೆ ಹಿಡಿದು ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂರಿಸಿದರು.

"ನೋವಿದ್ಯಾ?"

"ಇಲ್ಲ."

"ಉಸಿರು?"

"ಆಡ್ತಿದೆ."

"ಕಣ್ಣು ಕತ್ತಲೆ ಬರ್ತಿದ್ಯಾ?"

"ಇಲ್ಲ."

"ಹಾಗಾದ್ರೆ ಕೂತಿರೋಣ. ನೋವು ಅಂದ ತಕ್ಷಣ ಆಟೋ ಹತ್ತೋಣ. ಅಲ್ಲೀವರೆಗೆ ಆ ಹೂವಿನೋಳು ಹೇಗೆ ಕಟ್ತಾಳೆ ನೋಡು."

ನೋಡಿದೆ. ಎಲ್ಲೂ ಗಂಟು ಕಾಣದ ಹಾಗೆ ಆಕೆ ದಾರ ಸುತ್ತುತ್ತಿದ್ದಳು. ನಾನು ಬಾಯಿ ತೆರೆದು ನಿಧಾನವಾಗಿ ಉಸಿರು ಬಿಡುತ್ತಿದ್ದೆ. ಅಕ್ಕ ಬೆನ್ನು ಸವರಲಿಲ್ಲ, ಗಾಬರಿಯ ಮುಖವನ್ನೂ ಮಾಡಲಿಲ್ಲ. ಸುಮ್ಮನೆ ಪಕ್ಕದಲ್ಲಿದ್ದರು. ಯಾರೋ ನಿಂತು "ಏನಾಯ್ತಮ್ಮ?" ಎಂದದ್ದಕ್ಕೆ, "ಸುಸ್ತು, ಕೂತಿದೀವಿ" ಎಂದಷ್ಟೇ ಹೇಳಿ ಕಳಿಸಿದರು. ಬಡಿತ ತಾನಾಗಿಯೇ ಇಳಿಯಿತು. ಇಳಿಯುವುದನ್ನು ನಾನು ಮೊದಲ ಸಲ ಗಮನಿಸಿದ್ದು ಆವತ್ತೇ. ಅಲ್ಲಿಯವರೆಗೆ ಏರುವುದನ್ನಷ್ಟೇ ಕಾಯುತ್ತಿದ್ದೆ. ಆದರೂ ಅಕ್ಕ ಬಿಡದೆ ಮಾರನೇ ದಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಅವರು ಮತ್ತೆ ಇಸಿಜಿ ನೋಡಿ, "ಎಲ್ಲಾ ಸರಿಯಾಗಿದೆ. ಬಂದು ತೋರ್ಸಿದ್ದು ಒಳ್ಳೇದಾಯ್ತು. ಇನ್ನೂ ಕೆಲವು ದಿನ ಹೀಗೇ ಮುಂದುವರಿಸಿ, ಅವಸರ ಬೇಡ," ಎಂದರು.

ಕೊನೆಯ ಕಾಲು ಮಾತ್ರೆ ಯಾವತ್ತು ನುಂಗಿದೆ ಅನ್ನುವುದು ನೆನಪಿಲ್ಲ. ಶಿವರಾತ್ರಿ ಕಳೆದು ಬಿಸಿಲು ಚುರುಕಾಗಿತ್ತು, ಪರೀಕ್ಷೆಯ ಗಡಿಬಿಡಿ. ಒಂದು ದಿನ ಹತ್ತನೇ ತರಗತಿಯ ಕೊನೆಯ ಪಾಠ ಮುಗಿಸಿ ಮಹಡಿ ಇಳಿದು ಸ್ಟಾಫ್ ರೂಮಿಗೆ ಬಂದ ಮೇಲೆ, ಎದೆಯ ಬಗ್ಗೆ ಬೆಳಿಗ್ಗೆಯಿಂದ ಯೋಚಿಸಿಯೇ ಇಲ್ಲವಲ್ಲ ಅನ್ನಿಸಿತು. ಆ ಸಂಜೆ ಅರ್ಧ ಲೋಟ ಕಾಫಿ ಕುಡಿದೆ. ಏನೂ ಆಗಲಿಲ್ಲ. ಈಗಲೂ ಒಮ್ಮೊಮ್ಮೆ ಒಂದು ಬಡಿತ ತಪ್ಪಿ ಮುಂದಿನದು ಜೋರಾಗಿ ಬೀಳುತ್ತದೆ. ಕೂತು ಕಾಯುತ್ತೇನೆ. ವರ್ಷಕ್ಕೆರಡು ಸಲ ಡಾಕ್ಟರಮ್ಮನನ್ನು ನೋಡಿ ಬರುತ್ತೇನೆ.

ಈಚೆಗೆ ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಿದೆವು. ಆಪರೇಷನ್ ಆದ ಮೇಲೆ ಕೆಳಗೆ ನಮ್ಮ ಕೋಣೆಯಲ್ಲೇ ಇರಿ ಎಂದೆ. ಬೇಡ ಬೇಡ ಅನ್ನುತ್ತಲೇ ಬಂದರು. ರೋಗಿಯಾಗಿ ಅವರು ಬಹಳ ಕಷ್ಟದ ಮನುಷ್ಯರು. ಬಗ್ಗಬೇಡಿ ಅಂದರೆ ಬಗ್ಗುತ್ತಾರೆ, ಟಿವಿ ಬೇಡ ಅಂದರೆ ಧಾರಾವಾಹಿ ಕೇಳಿಸಿಕೊಳ್ಳುತ್ತೇನೆ ಅನ್ನುತ್ತಾರೆ, ಕಣ್ಣಿಗೆ ಡ್ರಾಪ್ಸ್ ಹಾಕಲು ಹೋದರೆ ಮುಖವನ್ನೇ ತಿರುಗಿಸುತ್ತಾರೆ.

"ಅಕ್ಕ, ಕಣ್ಣು ಬಿಡಿ."

"ಬಿಟ್ಟೇ ಇದೀನಿ."

"ಮುಚ್ಕೊಂಡಿದೀರ."

"ನಾನೆಲ್ಲಿ ಮುಚ್ಚಿದೀನಿ, ಅದೇ ಮುಚ್ಕೊಳ್ಳುತ್ತೆ. ನೀನು ಸ್ವಲ್ಪ ನಿಧಾನ ಹಾಕು," ಎನ್ನುತ್ತಾ ನನ್ನ ಸೆರಗಿನ ತುದಿ ಹಿಡಿದುಕೊಂಡು ಮುಖ ಮೇಲೆತ್ತುತ್ತಾರೆ.