ಗೆಳೆಯ ತನ್ನ ಶೇರು ಮಾರಿದಾಗ

ಮೊಬೈಲಿನಲ್ಲಿ ಆ ಸುದ್ದಿ ಓದಿದಾಗ ನಾನು ಗುಡಗೇರಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದೆ. ಪಂಪ್‌ಸೆಟ್ ಕಂಪನಿಯೊಂದರ ನಿರ್ದೇಶಕ ಹೋದ ತಿಂಗಳು ತನ್ನ ಶೇರುಗಳಲ್ಲಿ ದೊಡ್ಡ ಪಾಲನ್ನು ಮಾರಿದ್ದಾನೆ ಎಂದಿತ್ತು. ಆ ನಿರ್ದೇಶಕ ಒಂದನೇ ಇಯತ್ತೆಯಿಂದ ನನ್ನ ಬಾಜು ಕೂತವನು. ಅದೇ ಕಂಪನಿಯ ಶೇರು ಕೊಂಡು ಕೂತಿದ್ದ ಜಾಣ ನಾನು.

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ನನಗೆ ಹೊಲದ ಉಸಾಬರಿ ಬೇಸರ ತಂದಿತ್ತು. ಕರಿ ಮಣ್ಣಿನ ನನ್ನ ಎರಡು ಎಕರೆ ಎರಿ ಹೊಲ ಆ ಗೆಳೆಯನ ಹೊಲದ ಬದುವಿಗೇ ಹತ್ತಿತ್ತು. ಅವನು ಕೇಳಿದ, ಬಿತ್ತಿದ ಕಡಲೆ ಸಮೇತ ಕೊಟ್ಟುಬಿಟ್ಟೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಬಂದ ಹಣವನ್ನೆಲ್ಲ ಗೆಳೆಯನ ಕಂಪನಿಯ ಶೇರಿಗೇ ಹಾಕಿ, “ಇದು ಕುಂತಲ್ಲೇ ಬೆಳಿಯೂ ಬೆಳಿ, ಕಳೆ ತೆಗಿಯೂ ಕೆಲಸಿಲ್ಲ” ಎಂದು ಅವಳಿಗೆ ಪಾಠ ಮಾಡಿದ್ದೆ.

ಬೆಂಚಿನ ಮೇಲಿದ್ದ ನಿವೃತ್ತ ಪೋಸ್ಟ್‌ಮಾಸ್ತರರು ಮೊಬೈಲು ಇಸಿದುಕೊಂಡು ಓದಿ, ತಲೆ ಅಲ್ಲಾಡಿಸಿದರು.

“ಒಳಗಿನ ಸುದ್ದಿ ಗೊತ್ತಿದ್ದವರಷ್ಟ ಹಿಂಗ ಮಾರತಾರ್ರಿ ಸರ. ಕಂಪನ್ಯಾಗ ಏನೋ ಕೆಟ್ಟೈತಿ. ಅವ ಹಾಸಿಗಿ ಸುತ್ತಿಗೊಂಡು ಎದ್ದಾನ, ನಿಮ್ಮನ್ನ ಕುಂಡ್ರಿಸ್ಯಾನ.”

ಆ ವಾರ ಬೆಲೆಯೂ ಜಾರಿತು. ಸಿಕ್ಕಷ್ಟಕ್ಕೆ ಮಾರಬೇಕೋ, ಕಚ್ಚಿಕೊಂಡು ಕೂರಬೇಕೋ ಎಂದು ದಿನಕ್ಕೆ ಹತ್ತು ಸಲ ಮನಸ್ಸು ಬದಲಿಸಿದೆ. ಹೆಂಡತಿಗೆ ಹೇಳುವ ಧೈರ್ಯವಂತೂ ಇರಲಿಲ್ಲ.

ಅಷ್ಟರಲ್ಲಿ ಎಳ್ಳಮವಾಸ್ಯೆ ಬಂತು. ಗೆಳೆಯ ಮನೆಮಂದಿಯೊಡನೆ ಊರಿಗೆ ಬಂದು, ಚರಗದ ಊಟಕ್ಕೆ ಹೊಲಕ್ಕೆ ಕರೆದ. ಹೆಂಡತಿ ಊಟಕ್ಕೆಂದು ಹೊರಟಳು, ನಾನು ತನಿಖೆಗೆಂದು. ಭೂತಾಯಿಗೆ ಎಡೆಯೆಂದು ಪೈರಿನ ನಡುವೆ ಚರಗ ಚೆಲ್ಲಿ ಬಂದು ಎಲ್ಲರೂ ಸಾಲಾಗಿ ಕೂತೆವು.

“ಕಂಪನಿ ಹೆಂಗೈತಿ?” ಎಂದೆ.

“ಕಡಬು ತಗೋ” ಎಂದು ಎರಡು ಹಾಕಿದ.

“ಮಾಲು ಹೋಗಾಕತ್ತೈತಿ?”

“ಎಣಗಾಯಿ ಬಡಿಸ್ಲಿ?”

ಒಂದೊಂದು ಪ್ರಶ್ನೆಗೆ ತಾಟಿನಲ್ಲಿ ಒಂದೊಂದು ಪದಾರ್ಥ ಏರುತ್ತ ಹೋಯಿತು, ನನ್ನ ಸಂಶಯವೂ ಏರಿತು. ಶೇಂಗಾ ಹೋಳಿಗೆ ಬಂದಾಗ ಕಂಪನಿ ಮುಳುಗಿದ್ದು ಖಾತ್ರಿ ಎನಿಸಿ, ತಡೆಯಲಾಗಲಿಲ್ಲ.

“ಲೇ, ಹೋಳಿಗಿ ಹಾಳಾಗಿ ಹೋಗ್ಲಿ! ಶೇರು ಯಾಕ ಮಾರಿದಿ? ಏನ್ ಸುದ್ದಿ ಬಂತು ನಿನಗ?”

ಎಲ್ಲರ ಕೈಗಳು ಬಾಯಿಯ ಹತ್ತಿರವೇ ನಿಂತವು. ಹೆಂಡತಿ ನನ್ನ ಕಡೆ ನೋಡಿದಳು. ಗೆಳೆಯ ಹೋಳಿಗೆಯ ಬುಟ್ಟಿ ಕೆಳಗಿಟ್ಟ.

“ಕಂಪನಿ ಮಾತು ನಾ ಹೇಳಾಂಗಿಲ್ಲ, ಹೇಳಿದರ ನನಗೂ ತ್ರಾಸು, ನಿನಗೂ ತ್ರಾಸು. ರೊಕ್ಕ ಎಲ್ಲಿ ಹೋತು ಅಂತ ಬೇಕಾದ್ರ ಹೇಳತೀನಿ. ನಿನ್ನ ತಾಟು ಎತ್ತಿ ಕೆಳಗ ನೋಡು.”

ಪೆದ್ದನ ಹಾಗೆ ನಿಜವಾಗಿಯೂ ಎತ್ತಿದೆ. ಕರಿ ಮಣ್ಣು. ತನಿಖೆಯ ಗುಂಗಿನಲ್ಲಿ ಗಮನಿಸಿರಲಿಲ್ಲ, ನಾವು ಕೂತಿದ್ದದ್ದು ನಾನು ಮಾರಿದ ಅದೇ ಎರಡು ಎಕರೆಯಲ್ಲಿ.

“ಕೈಯಾಗ ಅಷ್ಟು ರೊಕ್ಕ ಎಲ್ಲಿದ್ದೂವು ಮಾರಾಯ? ಶೇರು ಮಾರೇ ನಿನಗ ಕೊಟ್ಟೆ” ಎಂದ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಗಣಿತದ ಮಾಸ್ತರನಿಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ. ಸುತ್ತಲೂ ಕಡಲೆ ತುಂಬಿಕೊಂಡು ನಿಂತಿತ್ತು. ನನ್ನ ಕೈಯಲ್ಲಿದ್ದಾಗ ಒಮ್ಮೆಯೂ ಹೀಗೆ ಬಂದಿರಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ವಾಪಸು ಬರುವಾಗ ಹೆಂಡತಿ ನನಗಿಂತ ಮುಂದೆ ಬದು ದಾಟಿದಳು. ಆಮೇಲೆ ಕೇಳಿದಳು: “ಅವರು ಶೇರು ಮಾರಿ ಹೊಲಾ ತಗೊಂಡ್ರು. ನೀವು ಹೊಲಾ ಮಾರಿ ಶೇರು ತಗೊಂಡ್ರಿ. ಅವರಿಗೆ ಒಳಗಿನ ಸುದ್ದಿ ಗೊತ್ತಿತ್ತೇನ್ರಿ, ಇಲ್ಲಾ ನಿಮಗ ಹೊರಗಿಂದೂ ಗೊತ್ತಿರಲಿಲ್ಲೇನ್ರಿ?”

ಗೆಳೆಯನ ಹೆಂಡತಿ ಅವಳ ಉಡಿಗೆ ಹಸಿಕಡಲೆ ಹಾಕಿ ಕಳಿಸಿದ್ದಳು. ಮಾತು ತಿರುಗಿಸಲು ಒಂದು ಹಿಡಿ ಕೇಳಿದೆ.

“ಕುಂತಲ್ಲೇ ಬೆಳಿತೈತಲ್ರಿ ನಿಮ್ಮದು,” ಎಂದಳು, “ಅಲ್ಲೇ ಕಿತ್ಗೊಂಡು ತಿನ್ರಿ.”