ಗಂಗಿಪೂಜೆಗೆ ಇನ್ನೂ ನಾಲ್ಕು ದಿನ

ಮೋರಟಗಿಯ ನಮ್ಮ ಮನೆಯ ಬಾಣಂತನಕ್ಕೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಅಂಟಿನ ಉಂಡಿ, ಅಜವಾನದ ಹೊಗೆ, ಹೊರಸಿನ ಕೆಳಗೆ ಕೆಂಡ, ಕಿವಿಗೆ ಅರಳೆ. ಗಂಡನ ಊರು ಇಂಡಿಯಿಂದ ಹೆರಿಗೆಗೆ ಬಂದ ತಂಗಿಗೆ ಗಾಳಿ ಸೋಕದಿರಲೆಂದು ಕಿಟಕಿಯ ಸಂದಿಗೂ ಬಟ್ಟೆ ತುರುಕಿದ್ದೆವು. ಅಷ್ಟು ಜಾಣರು ನಾವು.

ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಕೂಸು ಅತ್ತರೆ ಗೋಡೆಯ ಕಡೆ ಹೊರಳುತ್ತಿದ್ದಳು. ಒಂದು ಮಧ್ಯಾಹ್ನ ನಾನು ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಅಂದಳು, "ಅಕ್ಕಾ, ಇದು ನನ್ನ ಕೂಸು ಅನಸವಲ್ದು. ನಾ ಇರಬಾರ್ದು ಅನಸ್ತೈತಿ."

"ಹುಚ್ಚಿ, ಗಂಡುಮಗನ್ನ ಹಡದಾಕಿ ಹಿಂಗ ಅಂತಾಳೇನು?" ಅಂದೆ. ಬಿ.ಎ. ಓದಿದ ನನ್ನ ಉತ್ತರ ಅದು.

ಕೂಸಿನ ತೂಕ ನೋಡಲು ಬಂದ ಆಶಾ ಕಾರ್ಯಕರ್ತೆ ತಂಗಿಯ ಮುಖವನ್ನೂ ನೋಡಿದಳು. ನಮ್ಮಲ್ಲಿ ಯಾರೂ ಮಾಡದ ಕೆಲಸ.

"ಅವ್ವಾರ, ಇದು ಬ್ಯಾನಿ ಐತ್ರಿ. ಇದಕ್ಕ ಔಷಧನೂ ಐತಿ. ಇವತ್ತ ಸಿಂದಗಿ ದವಾಖಾನಿಗೆ ಕರಕೊಂಡ ನಡೀರಿ, ನಾನೂ ಬರ್ತೇನಿ."

"ಗಂಗಿಪೂಜಿ ಆಗದ ಬಾಣಂತಿ ಹೊಸ್ತಿಲ ದಾಟಂಗಿಲ್ಲವ್ವಾ," ಅಂದಳು ಅವ್ವ. "ಇನ್ನ ನಾಕ ದಿನ ಐತಿ. ಸೀರಿ ಸೈತ ತಂದ ಇಟ್ಟೇನಿ."

"ಬ್ಯಾನಿ ನಾಕ ದಿನ ಕಾಯ್ತೈತೇನ್ರಿ?"

"ನೀ ಎಷ್ಟ ಹಡದೀ ನಮಗ ಹೇಳಾಕ? ಚಾ ಕುಡದ ಹೋಗು."

ಕೂಸು ನೋಡಲು ಬಂದು ಕೂತಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ.

ಬಾಣಂತಿ ಮೊದಲ ಸಲ ಹೊರಗೆ ಬಂದು ನೀರಿಗೆ ಅರಿಸಿನ ಕುಂಕುಮ ಏರಿಸುವುದೇ ಗಂಗಿಪೂಜೆ. ನಮ್ಮ ಬಾವಿ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಪೂಜೆ ಅಂಗಳದ ನಳಕ್ಕೆ, ಹೊಸ್ತಿಲಿನಿಂದ ಆರು ಹೆಜ್ಜೆ. ಆ ನಳಕ್ಕೆ ನೀರು ಬರುವುದು ಅದರ ಮನಸ್ಸು ಬಂದಾಗ. ಅಂಥ ಗಂಗೆ ಮುನಿದಾಳೆಂದು ನಾವು ದವಾಖಾನೆಯನ್ನು ಮುಂದೂಡಿದೆವು.

ಮೂರನೇ ದಿನ ತಂಗಿ ತನ್ನ ಜೀವ ತಾನೇ ಕಳೆದುಕೊಂಡಳು.

ಬಂದವರಿಗೆಲ್ಲ "ಗಾಳಿ ಸೋಕಿತ್ರಿ" ಅಂದೆವು. ಕಿಟಕಿಗೆ ಬಟ್ಟೆ ತುರುಕಿದ ನಾವೇ ಅಂದೆವು. ಬಂದವರೂ ತಲೆಯಾಡಿಸಿದರು, ಯಾವ ಕಿಟಕಿಯಿಂದ ಅಂತ ಒಬ್ಬರೂ ಕೇಳಲಿಲ್ಲ. ಆಶಾ ಕಾರ್ಯಕರ್ತೆ ಅಂಗಳದಲ್ಲೇ ನಿಂತಿದ್ದಳು. ನನ್ನತ್ತ ನೋಡಿದಳು. ನಾನು ಕೂಸನ್ನು ಎತ್ತಿಕೊಂಡು ಒಳಗೆ ಹೋದೆ.

ಪೂಜೆಗೆಂದು ತಂದಿಟ್ಟ ಹಸಿರು ಸೀರೆಯನ್ನೇ ಅವಳಿಗೆ ಉಡಿಸಿದೆವು. ಗಂಡಸರು ಅವಳನ್ನು ಎತ್ತಿಕೊಂಡು ಹೊಸ್ತಿಲು ದಾಟಿ, ನಳದ ಪಕ್ಕದಿಂದಲೇ ಹಾದುಹೋದರು. ಗಂಗಿಪೂಜೆ ಆಗಿಲ್ಲ, ತಡೆಯಿರಿ ಎಂದು ಯಾರೂ ಅನ್ನಲಿಲ್ಲ.