ಕರೆಂಟ್ ಹೋದಾಗಿನ ಸೈಕಲ್ ಕ್ಲಾಸು

ಅಕ್ಕನ ಬಲಮಂಡಿ ಪೂರ್ತಿ ಮಡಚುವುದಿಲ್ಲ. ಯಾರಾದರೂ ಕೇಳಿದರೆ, ಬಸ್ಸಿನಿಂದ ಬಿದ್ದೆ ಎಂದು ಹೇಳಿ ಸುಮ್ಮನಾಗುತ್ತಾಳೆ. ಅದರ ಮುಂದಿನದನ್ನು ನಾನು ಹೇಳಬೇಕು.

ತೊಂಬತ್ತರ ದಶಕದ ಕೊನೆಯ ಮಾತು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಇದ್ದದ್ದು ಎರಡು ವಿದ್ಯುತ್ ಮಗ್ಗ ಮತ್ತು ನಾವಿಬ್ಬರು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ನಿಂತವನು. ಅಕ್ಕ ನೆಲದ ಮೇಲೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಬಸ್ಸಿನಿಂದ ಬಿದ್ದು ಅವಳ ಮಂಡಿಚಿಪ್ಪು ಒಡೆಯಿತು. ಪ್ಲಾಸ್ಟರ್ ಬಿಚ್ಚಿಸಿದಾಗ ಕಾಲು ಸೌದೆಯಂತೆ ಬಿಗಿದಿತ್ತು.

"ಮನೆಯೊಳಗೆ ನಿಲ್ಲಿಸಿ ತುಳಿಯೋ ಸೈಕಲ್ ಇರುತ್ತಲ್ಲ, ಅದನ್ನ ಎರಡು ತಿಂಗಳು ತುಳೀಲಿ. ಈಗ ಬಿಟ್ರೆ ಆಮೇಲೆ ಮಂಡಿ ಬಗ್ಗೋದಿಲ್ಲ," ಎಂದರು ಡಾಕ್ಟರು.

ಊರಲ್ಲಿ ಅಂಥ ಸೈಕಲ್ ಇದ್ದದ್ದು ಎರಡೇ ಕಡೆ. ಒಂದು, ರಿಟೈರ್ ಆದ ಡ್ರಿಲ್ ಟೀಚರಮ್ಮ ತಮ್ಮ ಮನೆಯ ಹಜಾರದಲ್ಲಿ ಹೆಂಗಸರಿಗೆ ನಡೆಸುತ್ತಿದ್ದ ಕ್ಲಾಸು. ಮೂರು ಸೈಕಲ್, ಬಾಗಿಲಿಗೆ ಪರದೆ. "ನಮ್ಮಲ್ಲಿ ಅವಸರ ಇಲ್ಲಪ್ಪ. ಸೀಟು ಎತ್ತರ ಮಾಡಿ ಅರ್ಧ ಸುತ್ತಿಂದ ಶುರು ಮಾಡಿಸ್ತೀನಿ. ಕರ್ಕೊಂಡ್ ಬಾ," ಎಂದರು ಆಕೆ. ಆದರೆ ಕ್ಲಾಸು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಕರೆಂಟ್ ಇರುತ್ತಿತ್ತು. ಕರೆಂಟ್ ಇರುವಾಗ ಮಗ್ಗ ನಿಲ್ಲಿಸುವುದೆಂದರೆ ನಮ್ಮ ಬೀದಿಯಲ್ಲಿ ಉಣ್ಣುವ ಎಲೆ ಬಿಟ್ಟು ಎದ್ದಂತೆ. ಅಕ್ಕನನ್ನು ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ ತಳ್ಳಿಕೊಂಡು ಹೋಗಿಬರುವುದಕ್ಕೆ ಎರಡು ಗಂಟೆ ಬೇಕಿತ್ತು.

ಇನ್ನೊಂದು, ಬಸ್ ಸ್ಟ್ಯಾಂಡ್ ಹಿಂದಿನ ವ್ಯಾಯಾಮಶಾಲೆ. "ಮೂರು ಗಂಟೆಗೆ ಕರೆಂಟ್ ತೆಗೀತಾರಲ್ಲ, ಆಗ ಬಾ ಗುರು. ಸೈಕಲ್‌ಗೆ ಕರೆಂಟ್ ಬೇಕಾ?" ಎಂದ ಅದರ ಯಜಮಾನ. ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಅಕ್ಕನನ್ನು ಒಂದು ಮಾತೂ ಕೇಳದೆ ಹೆಸರು ಬರೆಸಿ ಬಂದೆ.

ಕರೆಂಟ್ ಹೋದರೆ ನನ್ನ ಮಗ್ಗ ಮಾತ್ರವಲ್ಲ, ಊರಿನ ಎಲ್ಲ ಮಗ್ಗವೂ ನಿಲ್ಲುತ್ತದೆ. ಅದು ನನಗೆ ಹೊಳೆಯಲಿಲ್ಲ. ಮೂರು ಗಂಟೆಗೆ ಹೋದರೆ ನಮ್ಮ ಬೀದಿಯ ಗಂಡಸರೆಲ್ಲ ಬನಿಯನ್ನಿನಲ್ಲಿ ಅಲ್ಲೇ ಇದ್ದರು. ಅಕ್ಕ ಸೆರಗು ಬಿಗಿದು, ಹಲ್ಲು ಕಚ್ಚಿ ತುಳಿಯತೊಡಗಿದಳು.

"ಏನಕ್ಕಾ, ಯಲಹಂಕ ದಾಟಿದ್ರಾ?" ಎಂದ ಪಕ್ಕದ ಮನೆಯವನು, ಸೈಕಲ್ಲು ಬೆಂಗಳೂರಿನ ದಾರಿ ಹಿಡಿದಿದೆ ಎಂಬಂತೆ.

"ಇನ್ನೂ ರಾಜಾನುಕುಂಟೆ ಕಣಪ್ಪ," ಎಂದಳು ಅಕ್ಕ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾರನೆಯ ದಿನವೂ ಅದೇ ಪ್ರಶ್ನೆ. ಅಕ್ಕ ಸೆರಗನ್ನು ಇನ್ನಷ್ಟು ಬಿಗಿದುಕೊಂಡಳು. ನಾಲ್ಕನೆಯ ದಿನ ಸೀರೆಯಂಚು ಪೆಡಲಿಗೆ ಸಿಕ್ಕಿ ಕಾಲು ಹಾಗೇ ಹಿಡಿದುಕೊಂಡಿತು. ಬಿಡಿಸಲು ಮೂವರು ಗಂಡಸರು ಬಗ್ಗಿದರು. ಅವಳು ಮೊಣಕಾಲನ್ನು ಎರಡು ಕೈಯಿಂದ ಮುಚ್ಚಿಕೊಂಡು ಗೋಡೆ ನೋಡುತ್ತಿದ್ದಳು.

ಮರುದಿನ ಹೊರಡುವ ಹೊತ್ತಿಗೆ, "ನೋವು ಕಡ್ಮೆ ಆಗೋಯ್ತು ಕಣೋ. ಇನ್ನು ಬೇಡ ಬಿಡು," ಎಂದಳು.

ಅವಳು ಗೋಡೆ ಹಿಡಿದು ಹೊಸಿಲು ದಾಟುವುದನ್ನು ಆವತ್ತು ಬೆಳಿಗ್ಗೆಯೇ ನೋಡಿದ್ದೆ. ಟೀಚರಮ್ಮನ ಕ್ಲಾಸಿಗೆ ಹೋಗೋಣ ಎನ್ನಬಹುದಿತ್ತು. ಆದರೆ ಮಗ್ಗದಲ್ಲಿ ಮದುವೆ ಸೀರೆಯ ಹಾಸುನೂಲು ಏರಿಸಿದ್ದೆ. "ಸರಿ, ನಿನ್ನಿಷ್ಟ," ಎಂದೆ.

ಎರಡು ತಿಂಗಳು ಕಳೆದವು. ಅಕ್ಕನಿಗೆ ನೆಲದ ಮೇಲೆ ಕೂರಲು ಆಗಲೇ ಇಲ್ಲ. ಡಾಕ್ಟರು ಮಂಡಿ ಒತ್ತಿ ನೋಡಿ, ಇನ್ನು ಇಷ್ಟೇ ಎಂದರು. ನಿಂತು ಮಾಡುವ ಕೆಲಸ ಹುಡುಕಿಕೊಂಡು ಅವಳು ಹೊಸಕೋಟೆ ಹತ್ತಿರದ ಒಂದು ಕಾರ್ಖಾನೆಗೆ ಸೇರಿದಳು. ಅಲ್ಲೇ ರೂಮು ಮಾಡಿದಳು. ಕಂಡಿಕೆ ನಾನೇ ಸುತ್ತಿಕೊಳ್ಳತೊಡಗಿದೆ. ಮಗ್ಗ ಓಡುವಾಗ ಏನೂ ಅನಿಸುತ್ತಿರಲಿಲ್ಲ. ಅದು ನಿಂತ ಕೂಡಲೇ ಅಕ್ಕ ಒಳಗಿಂದ ಏನೋ ಕೇಳುತ್ತಾಳೆ ಎಂದು ಕಿವಿ ತಾನೇ ಕಾಯುತ್ತಿತ್ತು.

ಒಂದು ಭಾನುವಾರ ಅವಳ ರೂಮಿಗೆ ಹೋದೆ. ನನಗೆ ಚಾಪೆ ಹಾಸಿ ಮುದ್ದೆ ಬಡಿಸಿ, ತಾನು ಸ್ಟೂಲಿನ ಮೇಲೆ ಕಾಲು ಚಾಚಿ ಕೂತಳು.

"ಆ ಮೂರು ಗಂಟೆ ಕ್ಲಾಸು ನಿಂಗೋಸ್ಕರ ನೋಡಿದ್ದಲ್ಲ ಅಕ್ಕ, ನಂಗೋಸ್ಕರ ನೋಡ್ಕೊಂಡೆ," ಎಂದೆ.

"ಬೇಡ ಅಂದಾಗ ಯಾಕೆ ಅಂತ ಕೇಳ್ಬೇಕಿತ್ತು ಕಣೋ ನೀನು," ಎಂದಳು. ಆಮೇಲೆ, "ಸಾರು ಹಾಕ್ಲಾ?" ಎಂದು ಸ್ಟೂಲು ಹಿಡಿದು ಏಳಲು ಹೊರಟಳು. ನಾನೇ ಎದ್ದು ಹಾಕಿಕೊಂಡೆ.